ಅಪ್ಪ ಮಾಡಿದ ರಿಮೋಟುಗಳು

ಈಗ ಟಿವಿ ಗೇಮಿನ ಆ ಡಬ್ಬಿಗಳು ಮತ್ತೆ ಅಂಗಡಿಗೆ ಬಂದಿವೆ. ಅಂಗೈಯಗಲದ ಪೆಟ್ಟಿಗೆ, ಒಂದು ವೈರು ಟಿವಿಗೆ, ಒಂದು ವೈರು ಕರೆಂಟಿಗೆ, ಜೊತೆಗೆ ಎರಡು ರಿಮೋಟು. ಕ್ಯಾಸೆಟ್ಟು ಹಾಕುವ ರಗಳೆಯಿಲ್ಲ, ಆಟಗಳೆಲ್ಲ ಹೊಟ್ಟೆಯೊಳಗೇ ತುಂಬಿಕೊಂಡು ಬಂದಿರುತ್ತವೆ. ಪುಣೆಯ ಮಾಲುಗಳಲ್ಲಿ ನನ್ನ ವಯಸ್ಸಿನ, ಹೊಟ್ಟೆ ಬಂದ, ಕೂದಲು ನರೆತ ಗಂಡಸರು ಅದನ್ನು ಕೈಗೆತ್ತಿಕೊಂಡು, ಇದು ನಮ್ಮ ಬಾಲ್ಯ ಕಣೇ ಎಂದು ಹೆಂಡತಿಯರಿಗೆ ತೋರಿಸುವುದನ್ನು ನೋಡಿದ್ದೇನೆ. ಅವರ ಮುಖದ ಮೇಲಿನ ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರದೇನೂ ತಪ್ಪಿಲ್ಲ, ಉರಿಯುವುದು ನನ್ನ ಸ್ವಭಾವ. ಹಾಗಂತ ನಾನು ಅದನ್ನು ಕೊಳ್ಳದೇ ಬಿಟ್ಟೆನೇ? ಇಲ್ಲ. ಧನಕವಡಿಯ ನಮ್ಮ ಫ್ಲ್ಯಾಟಿಗೆ ಒಂದನ್ನು ತಂದೆ. ತಂದ ದಿನವೇ ಟಿವಿಗೆ ಹಚ್ಚುವ ಮೊದಲು ಸ್ಕ್ರೂ ಬಿಚ್ಚಿ ರಿಮೋಟಿನ ಹೊಟ್ಟೆ ನೋಡಿದೆ. ಅದೇ ಹಸಿರು ಹಲಗೆ, ಅದೇ ರಬ್ಬರಿನ ಹಾಳೆ, ರಬ್ಬರಿನ ಕೆಳಗೆ ಅದೇ ಕರಿ ಚುಕ್ಕೆಗಳು. ಗಂಡನಿಗೆ ನಗು ಬಂತು, ಆಡಲು ತಂದವಳು ಬಿಚ್ಚಿ ಕೂತಿದ್ದೀಯಲ್ಲ ಎಂದ. ಏನು ಹೇಳಲಿ? ಲಿಫ್ಟಿನ ಗುಂಡಿಯಾಗಲಿ, ಮಿಕ್ಸರಿನ ಗುಂಡಿಯಾಗಲಿ, ಕೈಗೆ ಸಿಕ್ಕ ಕೂಡಲೇ ಇದನ್ನು ಒತ್ತಲು ಎಷ್ಟು ಬಲ ಬೇಕು ಎಂದು ನನ್ನ ಹೆಬ್ಬೆರಳು ಇವತ್ತಿಗೂ ತೂಗಿ ನೋಡುತ್ತದೆ. ಇದು ನನಗೆ ಪುಣೆಯದೇ ಖಡಕಿಯಲ್ಲಿ ನಾನು ಬೆಳೆದ ಮನೆಯಲ್ಲಿ ಅಂಟಿದ ಚಾಳಿ.

ನನಗೊಬ್ಬ ಅಣ್ಣನಿದ್ದ. ಹೆಸರು ಸಂಗಮೇಶ, ಮನೆಯಲ್ಲಿ ಸಂಗು. ಅವನು ಈಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಕೊನೆಗೆ ಬಿಚ್ಚಿ ಓದುವವರನ್ನು ಅಳಿಸುವ ಹುಕಿ ನನಗಿಲ್ಲ. ಮೀಸೆ ಸರಿಯಾಗಿ ಮೂಡುವ ಹೊತ್ತಿಗೆ ಹೋದ. ಅವನ ಕಾಲು ಹೋದವು ಹೋಗಲಿ, ಕೈ ಮಾತ್ರ ಹೋಗಬಾರದು ಎಂದು ಅಪ್ಪ ಹಟ ಹಿಡಿದು ಕೂತ ಕೆಲವು ವರ್ಷಗಳಿದ್ದವು. ಆ ವರ್ಷಗಳಲ್ಲಿ ನಮ್ಮ ಮನೆ ಹೇಗಿತ್ತು ಎನ್ನುವುದಷ್ಟೇ ಇಲ್ಲಿಯ ಮಾತು.

ಮನೆ ಅಂದರೆ ಎರಡು ಖೋಲಿ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ಅಲ್ಲಿಂದ ಸಿಕ್ಕ ಕ್ವಾರ್ಟರ್ಸು. ಮುಂದಿನ ಖೋಲಿಯಲ್ಲಿ ಒಂದು ಕಬ್ಬಿಣದ ಮಂಚ, ಮಂಚದ ಎದುರು ಟಿವಿ, ಮೂಲೆಯಲ್ಲಿ ದೇವರ ಜಗಲಿ. ಹಿಂದಿನ ಖೋಲಿಯಲ್ಲಿ ಅಡುಗೆ, ಅದರ ಒಂದು ಮಗ್ಗುಲಿಗೆ ಮೋರಿ, ಅಲ್ಲೇ ಸ್ನಾನ, ಅಲ್ಲೇ ಮುಸುರೆ. ಮಂಚದ ಕೆಳಗೆ ಅಪ್ಪನ ಅರ, ಇಕ್ಕಳ, ಬೆಸುಗೆಯ ಕಡ್ಡಿ ತುಂಬಿದ ಟ್ರಂಕು. ಟ್ರಂಕಿನ ಪಕ್ಕದಲ್ಲಿ ಊರಿನಿಂದ ಹೊತ್ತು ತಂದಿದ್ದ ಒಂದು ಮರದ ಗದೆ. ಅಪ್ಪ ಗೋಕಾಕದ ಕಡೆಯ ಹಳ್ಳಿಯವನು, ಹರೆಯದಲ್ಲಿ ಗರಡಿಮನೆಯಲ್ಲಿ ಮಣ್ಣು ಹತ್ತಿಸಿಕೊಂಡವನು. ನೌಕರಿಗೆ ಬಂದ ಮೇಲೆ ಕುಸ್ತಿ ಬಿಟ್ಟರೂ ಗರಡಿ ಅವನನ್ನು ಬಿಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಮೈಗೆ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಆ ಗದೆ ತಿರುಗಿಸುತ್ತಿದ್ದ. ಬಸ್ಕಿಗೆ ಅವನು ಬೈಠಕ್ ಎನ್ನುತ್ತಿದ್ದ. ನೆಗಡಿ ಬಂದರೆ ಬೈಠಕ್, ಬೇಸರ ಬಂದರೆ ಬೈಠಕ್, ಅವ್ವನ ಜೊತೆ ಜಗಳವಾದರೂ ಬೈಠಕ್.

"ಮೈ ಅನ್ನೂದು ಹೊಲ ಇದ್ದಂಗ," ಎನ್ನುತ್ತಿದ್ದ. "ಊಳಿದಷ್ಟೂ ಬೆಳೀತದ. ಬೀಳು ಬಿಟ್ರ ಮುಳ್ಳು."

ಅಣ್ಣನ ಮೀನಖಂಡಗಳು ಸಣ್ಣವನಿದ್ದಾಗಲೇ ದಪ್ಪವಾಗಿದ್ದವು. ತೆಳ್ಳನೆಯ ತೊಡೆ, ಅದರ ಕೆಳಗೆ ಕೊರೆದಿಟ್ಟಂಥ ದುಂಡಗಿನ ಮೀನಖಂಡ. ಅಪ್ಪನಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಮನೆಗೆ ಯಾರು ಬಂದರೂ ಅಣ್ಣನ ಚಡ್ಡಿಯ ಕೆಳಗೆ ಕೈಯಿಟ್ಟು ಕಾಲು ತಿರುಗಿಸಿ ತೋರಿಸುತ್ತಿದ್ದ, ಎತ್ತಿನ ಸಂತೆಯಲ್ಲಿ ತೋರಿಸುವ ಹಾಗೆ. ಪಕ್ಕದ ಮನೆಯ ಜಾಧವ ಕಾಕುಗೆ ಮರಾಠಿಯಲ್ಲಿ, "ಬಘಾ ವಹಿನಿ, ಪೈಲ್ವಾನ್ ಹೋಣಾರ್!" ಎನ್ನುತ್ತಿದ್ದ, ನೋಡಿ ಅತ್ತಿಗೆ, ಪೈಲ್ವಾನ್ ಆಗುತ್ತಾನೆ ಎಂದು. ಕಾಕು ದೃಷ್ಟಿ ತೆಗೆದು ನೆಟಿಗೆ ಮುರಿಯುತ್ತಿದ್ದಳು. ಅಣ್ಣ ಮೆಟ್ಟಿಲು ಹತ್ತುವಾಗ ಎಡವುವುದು, ನೆಲದಿಂದ ಏಳುವಾಗ ತನ್ನ ಮೊಣಕಾಲನ್ನೇ ಹಿಡಿದುಕೊಂಡು ತನ್ನ ಮೈಯನ್ನೇ ಹತ್ತಿ ಏಳುವುದು ಎಲ್ಲರ ಕಣ್ಣಿಗೆ ಬೀಳುತ್ತಿತ್ತು, ಆದರೆ ಅಷ್ಟು ಗಟ್ಟಿ ಮೀನಖಂಡ ಇದ್ದವನು ನಾಟಕ ಮಾಡುತ್ತಾನೆ ಎಂದು ಅಪ್ಪನ ತೀರ್ಮಾನ. ಇನ್ನೂ ಹತ್ತು ಬೈಠಕ್ ಹೊಡೆಸುತ್ತಿದ್ದ. ಕೊನೆಗೆ ಶಾಲೆಯ ಟೀಚರ್ ಬಾಯಿ ಒಬ್ಬರು ಅವ್ವನನ್ನು ಕರೆಸಿ ಬೈದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತೊಡೆಯಿಂದ ಚೂರು ತೆಗೆದು ನೋಡಿದ ಡಾಕ್ಟರು, ಇದು ಸ್ನಾಯು ಸವೆಯುವ ರೋಗ, ಔಷಧ ಇಲ್ಲ ಎಂದರು. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಉಸಿರು. ಮೀನಖಂಡ ಇಷ್ಟು ದಪ್ಪ ಇದೆಯಲ್ಲ ಎಂದು ಅಪ್ಪ ಕೇಳಿದ್ದಕ್ಕೆ, ಅದೇ ರೋಗದ ಗುರುತು, ಅದರಲ್ಲಿ ಈಗ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು ಎಂದರಂತೆ. ಆ ಮೇಲೆ ಅಪ್ಪ ಯಾರಿಗೂ ಅಣ್ಣನ ಕಾಲು ತೋರಿಸಲಿಲ್ಲ. ಅವ್ವ ಮಾತ್ರ, "ಬರಗಾಲದಾಗ ಅಧಿಕ ಮಾಸ ಬಂದಂಗ ಆತು ನಮ್ಮ ಬಾಳೆ," ಎಂದು ಜಗಲಿಯ ಮುಂದೆ ಕೂತು ಅತ್ತಳು, ಆಮೇಲೆ ಎದ್ದು ರೊಟ್ಟಿ ಬಡಿದಳು.

ಡಾಕ್ಟರು ಹೇಳಿದ್ದರಲ್ಲಿ ಅಪ್ಪ ಆರಿಸಿಕೊಂಡದ್ದು ಒಂದೇ ಮಾತು. ಕೈಗಳನ್ನು ಹಗುರವಾಗಿ ಆಡಿಸುತ್ತ ಇರಲಿ, ಸುಮ್ಮನೆ ಬಿಡಬೇಡಿ ಎಂದಿದ್ದರು. ಆ ವಾರವೇ ಹಳೇ ಸಾಮಾನಿನ ಬಜಾರಿನಿಂದ ಟಿವಿ ಗೇಮ್ ಬಂತು. ಬೂದು ಬಣ್ಣದ ಡಬ್ಬಿ, ಹಳದಿ ಪಿನ್ನಿನ ವೈರು. ಅದರ ಮೇಲಿನ ಚೀಟಿಯಲ್ಲಿ ಸಾವಿರಾರು ಆಟ ಎಂದು ಬರೆದಿತ್ತು. ಒಳಗಿದ್ದದ್ದು ಒಂದು ಹಿಡಿಯಷ್ಟು, ಅವೇ ಬೇರೆ ಬೇರೆ ಹೆಸರಿನಿಂದ ತಿರುಗಿ ಬರುತ್ತಿದ್ದವು. ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಆಟ. ಒಬ್ಬ ಕುಳ್ಳ ಮನುಷ್ಯ ಗುಡ್ಡಗಾಡಿನಲ್ಲಿ ಓಡುತ್ತಾನೆ, ನಡುವೆ ಕಂದಕ ಬರುತ್ತವೆ, ಹಾರಬೇಕು, ಇಲ್ಲದಿದ್ದರೆ ಬಿದ್ದು ಸಾಯುತ್ತಾನೆ. ಅವ್ವ ಅವನಿಗೆ ಕುಳ್ಳಪ್ಪ ಎಂದು ಹೆಸರಿಟ್ಟಳು. ಹೆಸರಿಟ್ಟಳೇ ಹೊರತು ಅವನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಗೇಮ್ ಹಚ್ಚಿದರೆ ಟಿವಿಯ ಪಿಕ್ಚರ್ ಟ್ಯೂಬ್ ಸುಟ್ಟುಹೋಗುತ್ತದೆ ಎಂದು ಇಡೀ ಖಡಕಿಯ ಹೆಂಗಸರು ನಂಬಿದ್ದ ಕಾಲ ಅದು. ಅದಕ್ಕಿಂತ ಹೆಚ್ಚಾಗಿ, ಸಂಜೆಯ ಧಾರಾವಾಹಿಯ ಹೊತ್ತಿಗೆ ಕುಳ್ಳಪ್ಪ ತೆರೆ ಬಿಟ್ಟುಕೊಡುತ್ತಿರಲಿಲ್ಲ.

"ಕಾಲಿಲ್ಲದ ಹುಡುಗಗ ಓಡೂ ಆಟ ತಂದೀರಿ. ನಿಮಗ ಬುದ್ಧಿ ಎಲ್ಲಿ ಅದ ಅಂತೀನಿ!"

"ಕಾಲಿಗೆ ತಂದಿಲ್ಲಲೇ, ಕೈಗೆ ತಂದೀನಿ. ನಿನಗೇನ್ ತಿಳೀತದ, ಸುಮ್ನಿರು."

"ಹೌದ್ರಿ, ನನಗೇನ್ ತಿಳೀತದ. ಹೇಲು ಉಚ್ಚಿ ತಗ್ಯಾಕ ಮಾತ್ರ ತಿಳೀತದ."

ಅವ್ವನ ಬಾಯಿ ಹಾಗೆ. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಈ ಜಗಳವನ್ನು ಟಿವಿಗಿಂತ ಚೆನ್ನಾಗಿ ನೋಡುತ್ತಿದ್ದ. ಅವನಿಗೆ ನಗು ಬಂದರೆ ತಡೆಯಲು ಆಗುತ್ತಿರಲಿಲ್ಲ, ಮೈಯೆಲ್ಲ ಕುಲುಕಿ ಮಗ್ಗುಲಿಗೆ ವಾಲುತ್ತಿದ್ದ, ನಾನು ಹೋಗಿ ನೆಟ್ಟಗೆ ಕೂರಿಸಬೇಕಾಗುತ್ತಿತ್ತು. ಅವನು ಚೆನ್ನಾಗಿಯೇ ಆಡುತ್ತಿದ್ದ. ನಡೆಯಲು ಬಾರದವನು ಕುಳ್ಳಪ್ಪನನ್ನು ಗುಡ್ಡದಿಂದ ಗುಡ್ಡಕ್ಕೆ ಹಾರಿಸುವುದನ್ನು ನೋಡಲು ಕಾಲನಿಯ ಹುಡುಗರು ಕಿಟಕಿಗೆ ಜೋತುಬೀಳುತ್ತಿದ್ದರು. ಆ ಒಂದು ವರ್ಷ ನಮ್ಮ ಮನೆ ನಗುವ ಮನೆಯಾಗಿತ್ತು, ಇಲ್ಲವೆನ್ನಲಾರೆ.

ಆಗ ಅಪ್ಪನ ತಲೆಗೆ ಆ ವಿಚಾರ ಬಂತು. ಗರಡಿ ಕಂಡವನಿಗಲ್ಲದೆ ಇನ್ನೊಬ್ಬರಿಗೆ ಅದು ಬರಲು ಸಾಧ್ಯವಿರಲಿಲ್ಲ. ರಿಮೋಟಿನ ಗುಂಡಿ ತೀರಾ ಮೆತ್ತಗಿದೆ, ಇದರಿಂದ ಕೈಗೆ ಏನು ವ್ಯಾಯಾಮ ಆದಂತಾಯಿತು? ಹುಡುಗನಿಗೆ ಗದೆ ಎತ್ತಲು ಆಗುವುದಿಲ್ಲ, ಸರಿ. ಗದೆಯನ್ನೇ ಗುಂಡಿಯೊಳಗೆ ಇಟ್ಟರಾಯಿತು. ಒಂದು ಭಾನುವಾರ ಟ್ರಂಕು ಎಳೆದು ಕೂತ. ರಿಮೋಟು ಬಿಚ್ಚಿ ಒಂದೊಂದು ಗುಂಡಿಯ ಕೆಳಗೂ ಬಾಲ್‌ಪೆನ್ನಿನ ಸ್ಪ್ರಿಂಗು ಕತ್ತರಿಸಿ ಕೂರಿಸಿದ. ಒತ್ತಲು ಈಗ ಸ್ವಲ್ಪ ಬಿಗಿ. ಅಣ್ಣನಿಗೆ ರೂಢಿಯಾಯಿತು ಅನ್ನಿಸಿದ ಕೂಡಲೇ ಆ ಸ್ಪ್ರಿಂಗು ತೆಗೆದು ಇನ್ನೂ ಗಡುಸಾದದ್ದು ಹಾಕಿದ. ಆಮೇಲೆ ತಾನೇ ತಂತಿ ಸುತ್ತಿ ಮಾಡಿದ. ಹೊಸ ಸ್ಪ್ರಿಂಗು ಹಾಕಿದ ದಿನ ತಾನೇ ಮೊದಲು ಒತ್ತಿ ನೋಡಿ, ಹುಬ್ಬು ಹಾರಿಸಿ, ಆಮೇಲೆ ಅಣ್ಣನ ಕೈಗೆ ಕೊಡುತ್ತಿದ್ದ.

"ಅಪ್ಪಾ, ಬೆರಳು ನೋಯ್ತಾವ್ರಿ."

"ನೋಯಬೇಕು. ನೋವು ಬಂದ್ರ ಬಲ ಬರಾಕತ್ತದ ಅಂತ ತಿಳಿ. ಕೈ ಕೆಸರಾದ್ರ ಬಾಯಿ ಮೊಸರು, ಏನಂತಾರ?"

ಅಣ್ಣ ಆಡಿದ. ಹಲ್ಲು ಕಚ್ಚಿ ಆಡಿದ. ಅವನಿಗೂ ನಂಬಬೇಕಿತ್ತು. ನಂಬಿಕೆಯ ಜೊತೆಗೆ ಖುರಾಕು ಶುರುವಾಯಿತು, ನೆನೆಸಿದ ಬಾದಾಮಿ, ಗಟ್ಟಿ ಹಾಲು. ಮೊಟ್ಟೆಯೂ ಬೇಕು ಎಂದು ಅಪ್ಪ ಪಟ್ಟು ಹಿಡಿದಾಗ ಅವ್ವ, ಲಿಂಗ ಕಟ್ಟಿದ ಮನೆಗೆ ಮೊಟ್ಟೆ ಬಂದರೆ ನಾನು ತವರಿಗೆ ಹೋಗುತ್ತೇನೆ ಎಂದಳು. ಅಪ್ಪ ಜಾಧವ ಕಾಕುವಿನ ಮನೆಯಲ್ಲಿ ಮೊಟ್ಟೆ ಕುದಿಸಿ, ಅಣ್ಣನನ್ನು ಎತ್ತಿಕೊಂಡು ಹೋಗಿ, ತಿನ್ನಿಸಿ, ಬಾಯಿ ತೊಳೆಸಿ ಕರೆತರುತ್ತಿದ್ದ. ಅವ್ವನಿಗೆ ಗೊತ್ತಿತ್ತು. ಬಾಯಿ ಮಾಡುವ ಅವ್ವ ಅದೊಂದರ ಬಗ್ಗೆ ಮಾತ್ರ ಬಾಯಿ ತೆರೆಯಲಿಲ್ಲ. ರಾತ್ರಿಯ ಊಟಕ್ಕೆ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಸಿ, ಶೇಂಗಾ ಹಿಂಡಿ ನೆಂಚಿ ಅವನಿಗೆ ತಿನ್ನಿಸುವಾಗ ಅವನ ಬಾಯಿ ಮೂಸಿ ನೋಡಿ ಇನ್ನೊಂದು ತುತ್ತು ಇಡುತ್ತಿದ್ದಳು.

ನಮ್ಮ ಮನೆಯಲ್ಲಿ ಬೆಳಗಿನ ಲಿಂಗಪೂಜೆ ತಪ್ಪುವಂತಿರಲಿಲ್ಲ. ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಎದೆಯ ಮಟ್ಟಕ್ಕೆ ಹಿಡಿದು ನೋಡುತ್ತ ಕೂರಬೇಕು. ಅಣ್ಣನ ಎಡಗೈ ನಡುಗಲು ಶುರುವಾದದ್ದು ಅಲ್ಲಿಯೇ ಮೊದಲು ಕಂಡಿತು. ಸ್ಪ್ರಿಂಗಿನ ರಿಮೋಟು ಬಂದು ಕೆಲವು ತಿಂಗಳಾಗಿತ್ತು. ಅಂಗೈ ಕೆಳಗಿಳಿದು ಇಳಿದು ತೊಡೆಯ ಮೇಲೆ ಬಂತು. ಲಿಂಗ ನೆಲಕ್ಕೆ ಬಿದ್ದರೆ ಅನರ್ಥ ಎಂದು ಅವ್ವ ಓಡಿ ಬಂದು ಅವನ ಕೈಯ ಕೆಳಗೆ ತನ್ನ ಕೈಯಿಟ್ಟಳು. ಅಪ್ಪ ಪೂಜೆಯ ನಡುವೆ ಮಾತಾಡುವವನಲ್ಲ, ಅವತ್ತು ಮಾತಾಡಿದ. ನಾಳೆಯಿಂದ ಇನ್ನೂ ಸ್ವಲ್ಪ ಹೆಚ್ಚು ಆಡಬೇಕು ಎಂದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇರಲಿಲ್ಲ. ಡಾಕ್ಟರು ಅಣ್ಣನ ಕೈ ಎತ್ತಿ, ಬಿಟ್ಟು, ಬೆರಳು ಮಡಿಸಿ ನೋಡಿದರು. ಇಷ್ಟು ಬೇಗ ಯಾಕೆ ಇಳಿಯಿತು, ಏನಾದರೂ ಭಾರದ ವ್ಯಾಯಾಮ ಮಾಡಿಸುತ್ತಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. ಅಪ್ಪ ಇದೇ ಪ್ರಶ್ನೆಗೆ ಕಾಯುತ್ತಿದ್ದವನಂತೆ ಬಟ್ಟೆಯ ಚೀಲದಿಂದ ರಿಮೋಟು ತೆಗೆದು ಅವರ ಮೇಜಿನ ಮೇಲಿಟ್ಟ. ಮುಖದ ತುಂಬ ಬೆಳಕು. ಡಾಕ್ಟರು ತಮ್ಮ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರು. ಮತ್ತೊಮ್ಮೆ ಒತ್ತಿದರು. ಕನ್ನಡಕ ತೆಗೆದು ಅಪ್ಪನನ್ನು ನೋಡಿದರು.

"ಅಹೋ, ಹೇ ಕಾಯ್ ಕೇಲಂತ್ ತುಮ್ಹೀ?" ಇದೇನು ಮಾಡಿದಿರಿ ನೀವು.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಅಪ್ಪ ತಿರುಗಿ ಬೈಯುತ್ತಿದ್ದ. ಸಮಾಧಾನವಾಗಿ ತಿಳಿಸಿ ಹೇಳಿದರು. ಬೇರೆಯವರ ಸ್ನಾಯು ದಣಿದರೆ ಬೆಳೆಯುತ್ತದೆ, ಇವನದು ದಣಿದರೆ ಹರಿಯುತ್ತದೆ, ಹರಿದದ್ದು ಮತ್ತೆ ಕೂಡುವುದಿಲ್ಲ. ಹಗುರವಾಗಿ ಎಂದು ನಾನು ಹೇಳಿದ್ದೆನಲ್ಲ ಎಂದರು. ಅಪ್ಪನ ಮುಖ ನೋಡಿ, ಇದರಿಂದಲೇ ಹೋಯಿತು ಎಂದಲ್ಲ, ಹೇಗಿದ್ದರೂ ಹೋಗುವುದೇ ಇತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೂ ಸೇರಿಸಿದರು. ಹಿಂದಿನ ಸಲ ಅರ್ಧ ಮಾತು ಕೇಳಿಸಿಕೊಂಡಿದ್ದ ಅಪ್ಪ ಈ ಸಲವೂ ಅರ್ಧವನ್ನೇ ಕೇಳಿಸಿಕೊಂಡ. ಬಸ್ಸಿನಲ್ಲಿ ಅಣ್ಣನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಎರಡೂ ಮುಂಗೈಗಳನ್ನು ತನ್ನ ಕೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದ. ಕಂಡಕ್ಟರ್ ಬಂದರೂ ಬಿಡಲಿಲ್ಲ, ಅವ್ವ ಸೆರಗಿನ ಗಂಟು ಬಿಚ್ಚಿ ಟಿಕೀಟು ತೆಗೆಸಿದಳು. ಮನೆಗೆ ಬಂದವನೇ ಟ್ರಂಕು ಎಳೆದು ಸ್ಪ್ರಿಂಗುಗಳನ್ನು ಕಿತ್ತ. ಅವ್ವನಿಗೆ ಬೈಯುವ ಹಕ್ಕು ಅವತ್ತು ಪೂರಾ ಇತ್ತು. ಅವಳು ಅಡುಗೆಮನೆಯಿಂದ ಚಹಾ ತಂದು ಅವನ ಮಗ್ಗುಲಲ್ಲಿಟ್ಟು ಹೋದಳು. ಚಹಾ ಕೆನೆಗಟ್ಟಿತು. ಗದೆಯನ್ನು ಅಪ್ಪ ಮರುದಿನ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಯಾರಿಗೋ ಕೊಟ್ಟುಬಿಟ್ಟ.

ಅಲ್ಲಿಂದ ಮುಂದೆ ಅಪ್ಪನ ಕೆಲಸ ತಿರುಗುಮುರುಗಾಯಿತು. ಬಿಗಿ ಮಾಡುತ್ತಿದ್ದವನು ಸಡಿಲ ಮಾಡಲು ಕೂತ. ಮೊದಲು ರಬ್ಬರಿನ ಅಂಚನ್ನು ಬ್ಲೇಡಿನಿಂದ ಕೆತ್ತಿ ತೆಳು ಮಾಡಿದ. ಅದು ಕೆಲವು ದಿನ ನಡೆಯಿತು. ಆಮೇಲೆ ರಬ್ಬರನ್ನೇ ತೆಗೆದುಹಾಕಿ, ಗುಂಡಿಯ ಎರಡು ವೈರುಗಳನ್ನು ಹೊರಗೆಳೆದು, ಮರದ ತುಂಡಿನ ಮೇಲೆ ತೆಳು ಹಿತ್ತಾಳೆ ಪಟ್ಟಿ ಕೂರಿಸಿದ. ಪಟ್ಟಿ ಬಾಗಿ ಇನ್ನೊಂದು ಪಟ್ಟಿಗೆ ತಾಗಿದರೆ ಕುಳ್ಳಪ್ಪ ಹಾರುತ್ತಾನೆ. ಒಂದೊಂದು ಹೊಸ ರಿಮೋಟು ಬಂದಾಗಲೂ ಅಣ್ಣ ಒಂದಿಷ್ಟು ದಿನ ಗೆದ್ದ ಹಾಗೆ ಕಾಣುತ್ತಿತ್ತು. ಆಮೇಲೆ ಆಟದ ನಡುವೆ ಕುಳ್ಳಪ್ಪ ಕಂದಕದ ಅಂಚಿಗೆ ಬಂದು, ಹಾರದೆ, ಸುಮ್ಮನೆ ನಡೆದು ಒಳಗೆ ಬೀಳುತ್ತಿದ್ದ. ನಾವು ನೋಡುತ್ತಿದ್ದೆವು. ಮರುದಿನ ಸಂಜೆ ಅಪ್ಪ ಮತ್ತೆ ಟ್ರಂಕು ಎಳೆಯುತ್ತಿದ್ದ. ಡಾಕ್ಟರ ಕಡೆಗೆ ಹೋಗಿ ಕೇಳಬೇಕಾದದ್ದೇ ಇರಲಿಲ್ಲ, ಮಗನ ಕೈಯಲ್ಲಿ ಎಷ್ಟು ಉಳಿದಿದೆ ಎಂದು ಆ ಟ್ರಂಕಿನ ಸಪ್ಪಳವೇ ಹೇಳುತ್ತಿತ್ತು.

ನನ್ನನ್ನು ಇದರೊಳಗೆ ಎಳೆದದ್ದು ಅಣ್ಣನ ಎಡಗೈ ಪೂರಾ ನಿಂತ ಮೇಲೆ. ಓಡಿಸುವ ಗುಂಡಿಗಳು ಎಡಗಡೆಗೆ, ಹಾರಿಸುವುದು ಬಲಗಡೆಗೆ. ಅಪ್ಪ ಇನ್ನೊಂದು ರಿಮೋಟನ್ನು ಜೋಡಿಸಿ, ಓಡಿಸುವುದು ನಾನು, ಹಾರಿಸುವುದು ಅಣ್ಣ ಎಂದು ಹಂಚಿದ. ಒಬ್ಬ ಕುಳ್ಳಪ್ಪನಿಗೆ ಇಬ್ಬರು. ಎಷ್ಟೋ ವರ್ಷದಿಂದ ಕೇಳಿ ಕೇಳಿ ಸಿಗದ ರಿಮೋಟು ನನಗೆ ಸಿಕ್ಕಿತು. ಇಷ್ಟು ದಿನ ಅದನ್ನು ಮುಟ್ಟಿದರೆ, ಅದು ಆಟದ ಸಾಮಾನಲ್ಲ, ಅಣ್ಣನ ಔಷಧ ಎಂದು ಕೈಗೆ ಹೊಡೆಯುತ್ತಿದ್ದರು. ಸಿಕ್ಕಿದ ಮೇಲೆ ಅದು ಒಂದೇ ದಿನದಲ್ಲಿ ನನಗೆ ಬೇಡವಾಯಿತು. ಶಾಲೆಯಿಂದ ಬಂದು ಚೀಲ ಇಡುವುದರೊಳಗೆ ಅಪ್ಪ, ಗೌರಿ, ಕೂಡು ಎನ್ನುತ್ತಿದ್ದ. ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು. ಒಳಗೆ ನಾನು ಮತ್ತು ಅಣ್ಣ ಒಬ್ಬನೇ ಮನುಷ್ಯನಿಗಾಗಿ ಕಚ್ಚಾಡುತ್ತಿದ್ದೆವು.

"ಜರಾ ನಿಧಾನ ಓಡ್ಸಲೇ, ನನಗ ಹಾರ್ಸಾಕ ಹೊತ್ತು ಬೇಕಲಾ."

"ನಿಧಾನ ಓಡಿದ್ರ ಆಚಿ ದಂಡಿ ಮುಟ್ಟೂದಿಲ್ಲೋ ಮಬ್ಬಾ. ಜಿಗೀಬೇಕಂದ್ರ ಜೋರು ಬೇಕು."

"ಹಂಗಾರ ಜಿಗಿಯೂದ ಬ್ಯಾಡ. ಇಲ್ಲೇ ನಿಂದ್ರೂಣು."

ನಿಧಾನ ಓಡಿಸಿದರೆ ಕುಳ್ಳಪ್ಪ ಕಂದಕಕ್ಕೆ ಬೀಳುತ್ತಿದ್ದ, ಜೋರಾಗಿ ಓಡಿಸಿದರೆ ಅಣ್ಣನ ಬೆರಳು ತಲುಪುವುದರೊಳಗೆ ಬೀಳುತ್ತಿದ್ದ. ಮೊದಲ ಕಂದಕವನ್ನು ನಾವಿಬ್ಬರೂ ಕೂಡಿ ದಾಟಿದ್ದು ಅಪರೂಪ. ಜಾಧವ ಕಾಕು ಬಾಗಿಲಲ್ಲಿ ನಿಂತು, "ಜಿಂಕಲಾಸ್ ಕಾ ರೇ, ಸಂಗೂ?" ಎಂದು ಗೆಲುವಿನ ಸುದ್ದಿ ಕೇಳಿದರೆ ಅಣ್ಣ, "ಹೋ ಕಾಕು," ಎಂದು ಹೌದೆನ್ನುತ್ತಿದ್ದ. ಎಲ್ಲಾ ಛಲೋ ಆಗ್ತದ, ಎಲ್ಲಾ ಛಲೋ ಆಗ್ತದ ಎಂದು ಅಪ್ಪ ಹಿಂದಿನಿಂದ ಹೇಳುತ್ತಿದ್ದ. ಇವತ್ತಿಗೂ ಯಾರಾದರೂ ನನ್ನೆದುರು, ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ ಎಂದರೆ ನಾನು ಎದ್ದು ಹೋಗುತ್ತೇನೆ. ಆಫೀಸಿನಲ್ಲಿ ನನ್ನನ್ನು ಕಲ್ಲು ಎನ್ನುತ್ತಾರಂತೆ, ಅನ್ನಲಿ. ಸರಿಹೋಗದ್ದನ್ನು ಸರಿಹೋಗುತ್ತದೆ ಎನ್ನುವವರ ಮನೆಯಲ್ಲಿ ಬೆಳೆದವರಿಗೆ ಆ ಮಾತಿನ ರುಚಿ ಗೊತ್ತು. ಅಪ್ಪನ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಅವನಷ್ಟು ಇನ್ನೊಬ್ಬರನ್ನು ನಾನು ಪ್ರೀತಿಸಲಿಲ್ಲ ಎನ್ನುವುದೂ ಅಷ್ಟೇ ನಿಜ, ಎರಡೂ ಒಂದೇ ಹೊಟ್ಟೆಯಲ್ಲಿ ಇರುತ್ತವೆ.

ಅವ್ವ ಒಮ್ಮೆ ಅಪ್ಪನಿಗೆ ಬುದ್ಧಿ ಹೇಳಲು ನೋಡಿದಳು. ಜೋಳ ಹಸನು ಮಾಡುತ್ತ ಕೂತಿದ್ದಳು, ಅಪ್ಪ ಪಕ್ಕದಲ್ಲಿ ಹಿತ್ತಾಳೆ ಪಟ್ಟಿಯನ್ನು ಕಲ್ಲಿಗೆ ತಿಕ್ಕಿ ತೆಳು ಮಾಡುತ್ತಿದ್ದ.

"ಸಾಕು ಬಿಡ್ರಿ. ಅಂವಗ ದಣಿವಾಗ್ತದ. ಆಡಿದ್ರೇನು, ಬಿಟ್ರೇನು."

"ಬಿಟ್ರ ಏನ್ ಉಳೀತದ ಹೇಳು."

"ಅಂವ ಉಳೀತಾನಲ್ರಿ. ಇರೂ ತನಕ ನಮ್ಮ ಸಂಗು ಆಗಿ ಇರ್ತಾನ."

"ಒಂದು ಬೆರಳು ಆಡಿದ್ರೂ ಸಾಕು," ಎಂದ ಅಪ್ಪ. "ಒಂದಽ ಬೆರಳು. ತನ್ನ ಮನಸ್ಸಿಗೆ ಬಂದಾಗ ಒಂದು ಕೆಲಸ ತಾನಽ ಮಾಡೂ ಹಂಗ ಆದ್ರ ಸಾಕು ನನಗ. ಮತ್ತೇನೂ ಬೇಡೂದಿಲ್ಲ."

ಅಪ್ಪನ ಬೇಡಿಕೆ ಇಷ್ಟಕ್ಕೆ ಇಳಿದಿತ್ತು. ಪೈಲ್ವಾನ್ ಆಗಬೇಕಿದ್ದ ಮಗನ ಒಂದು ಹೆಬ್ಬೆರಳು. ಅಣ್ಣ ಅಷ್ಟು ಹೊತ್ತಿಗೆ ಮಂಚದಲ್ಲೇ ಇರುತ್ತಿದ್ದ. ಮಗ್ಗುಲು ಬದಲಿಸಲು, ನೊಣ ಓಡಿಸಲು, ಮೂಗು ತುರಿಸಲು ಎಲ್ಲದಕ್ಕೂ ಯಾರಾದರೂ ಬೇಕು. ಬಲಗೈಯ ಹೆಬ್ಬೆರಳು ಒಂದಿಷ್ಟು ಒಳಗೆ ಬಾಗುತ್ತಿತ್ತು, ಅದೂ ಬೆಳಗಿನ ಹೊತ್ತು ಇದ್ದಷ್ಟು ಸಂಜೆಗೆ ಇರುತ್ತಿರಲಿಲ್ಲ. ಹಿತ್ತಾಳೆ ಎಷ್ಟು ತಿಕ್ಕಿದರೂ ಹಿತ್ತಾಳೆಯೇ, ಅದನ್ನು ಬಾಗಿಸಲು ಅವನಿಗೆ ಆಗದಾಯಿತು. ಆಗ ಅಪ್ಪ ಸಿಗರೇಟು ಪಾಕೀಟಿನ ಒಳಗಿನ ಬೆಳ್ಳಿ ಹಾಳೆಯನ್ನು ಹಿಡಿದ. ಸಿಗರೇಟು ಮುಟ್ಟದ ಮನುಷ್ಯ ಕಾರ್ಖಾನೆಯ ಗೇಟಿನ ಪಾನಿನ ಅಂಗಡಿಯ ಮುಂದೆ ಬಗ್ಗಿ ಖಾಲಿ ಪಾಕೀಟು ಆರಿಸುವುದನ್ನು ನೋಡಿ ಜೊತೆಯವರು ನಕ್ಕರಂತೆ. ಆ ಹಾಳೆಯ ಸಣ್ಣ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಮರಕ್ಕೆ ಅಂಟಿಸಿ, ಇನ್ನೊಂದು ತುದಿ ಹಿತ್ತಾಳೆಯ ಮೇಲೆ ಕೂದಲೆಳೆಯ ಅಂತರದಲ್ಲಿ ನಿಲ್ಲುವ ಹಾಗೆ ಮಾಡಲು ಅವನಿಗೆ ಎಷ್ಟೋ ಸಂಜೆಗಳು ಹಿಡಿದವು. ಉಸಿರು ಹಿಡಿದು ಮಾಡುವ ಕೆಲಸ, ನಾವು ಮಗ್ಗುಲಲ್ಲಿ ಓಡಾಡಿದರೂ ಗದರುತ್ತಿದ್ದ.

ಅದು ಮುಗಿದದ್ದು ಏಪ್ರಿಲ್ಲಿನ ಒಂದು ಭಾನುವಾರ ಮಧ್ಯಾಹ್ನ. ಪುಣೆಯ ಏಪ್ರಿಲ್ಲು, ಗೋಡೆಗೆ ಕೈಯಿಟ್ಟರೆ ಗೋಡೆಯೂ ಬಿಸಿ. ಊಟವಾಗಿತ್ತು. ಅಪ್ಪ ಮರದ ತುಂಡನ್ನು ಅಣ್ಣನ ಮಗ್ಗುಲಿಗೆ ದಿಂಬಿನ ಮೇಲಿಟ್ಟು, ಅವನ ಹೆಬ್ಬೆರಳನ್ನು ಬೆಳ್ಳಿ ಹಾಳೆಯ ತುದಿಯ ಪಕ್ಕಕ್ಕೆ ತಂದು ಮಲಗಿಸಿದ. ಟಿವಿ ಹಚ್ಚಿದ. ಓಡಿಸುವ ರಿಮೋಟನ್ನು ನನ್ನ ಕೈಗೆ ಕೊಡಲಿಲ್ಲ, ಇವತ್ತು ಓಡುವುದು ಬೇಡ, ನಿಂತಲ್ಲೇ ಒಂದು ಸಲ ಹಾರಲಿ ಎಂದ. ಕುಳ್ಳಪ್ಪ ಗುಡ್ಡದ ಮುಂದೆ ನಿಂತಿದ್ದ.

"ಇರಿವಿ ಹತ್ತಿದ್ರೂ ಒತ್ತತದ, ಹಂಗ ಮಾಡೀನಿ. ಹಾರ್ಸು, ಸಂಗು."

ನಾವು ಮೂವರೂ ಟಿವಿಯನ್ನು ನೋಡುತ್ತಿದ್ದೆವು. ಕುಳ್ಳಪ್ಪ ಹಾರಿದ.

ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕುಳ್ಳಪ್ಪ ಇನ್ನೊಮ್ಮೆ ಹಾರಿದ. ಅವ್ವ ಅಡುಗೆಮನೆಗೆ ಓಡಿ ಸಕ್ಕರೆ ತಂದು ಅಣ್ಣನ ಬಾಯಿಗೆ ಹಾಕಿದಳು, ಅಪ್ಪನ ಬಾಯಿಗೆ ಹಾಕಿದಳು, ಬಾಗಿಲಿಗೆ ಹೋಗಿ ಜಾಧವ ಕಾಕುವನ್ನು ಕೂಗಿದಳು. ಕುಳ್ಳಪ್ಪನನ್ನು ಕಂಡರಾಗದ ನಮ್ಮವ್ವ. ಕಾಕು ಮುಸುರೆ ಕೈಯಲ್ಲೇ ಬಂದು ನಿಂತಳು, ಅವಳ ಕಣ್ಣೆದುರಿಗೂ ಅವನು ಹಾರಿದ. ಅಪ್ಪ ನೆಲಕ್ಕೆ ಕುಸಿದು ಕೂತು, ನಾ ಹೇಳಿದ್ದಿಲ್ಲೇನು, ನಾ ಹೇಳಿದ್ದಿಲ್ಲೇನು ಎಂದು ಎಲ್ಲರ ಮುಖವನ್ನೂ ನೋಡಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಏನನ್ನೂ ನಂಬದ ನಾನೂ ಆಗ ನಂಬಿದೆ. ಓಡಿ ಹೋಗಿ ಕಾಲನಿಗೆಲ್ಲ ಹೇಳಿಬರೋಣ ಅನ್ನಿಸಿತು.

"ಅಪ್ಪಾ," ಎಂದ ಅಣ್ಣ. ಅವನ ದನಿ ಆಗಲೇ ಬಹಳ ಸಣ್ಣದಾಗಿತ್ತು. "ನಾ ಒತ್ತಲಿಲ್ರಿ."

"ಏನಂದಿ?"

"ನಾ ಒತ್ತಲಿಲ್ಲ. ಫ್ಯಾನಿನ ಗಾಳಿಗೆ ಹಾಳಿ ಅಳ್ಳಾಡ್ತದ."

ಅಪ್ಪ ದಿಂಬಿನ ಹತ್ತಿರ ಮುಖ ತಂದು ನೋಡಿದ. ಬೆಳ್ಳಿ ಹಾಳೆಯ ತುದಿ ನಡುಗುತ್ತಿತ್ತು. ಅಣ್ಣನ ಹೆಬ್ಬೆರಳು ಇಟ್ಟಲ್ಲೇ ಇತ್ತು. ಅಪ್ಪ ಎದ್ದು ಹೋಗಿ ಫ್ಯಾನ್ ನಿಲ್ಲಿಸಿದ.

"ಈಗ ಒತ್ತು."

ಫ್ಯಾನಿನ ರೆಕ್ಕೆಗಳು ನಿಧಾನವಾಗಿ, ನಿಧಾನವಾಗಿ ನಿಂತವು. ಕುಳ್ಳಪ್ಪ ಗುಡ್ಡದ ಮುಂದೆ ನಿಂತಿದ್ದ. ಅಣ್ಣ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ, ಅವನ ಕತ್ತಿನ ನರ ಉಬ್ಬಿತ್ತು, ಹಣೆಯ ಬೆವರು ಕಿವಿಯ ಕಡೆಗೆ ಇಳಿಯಿತು. ಅವ್ವ ಸೆರಗಿನಿಂದ ಒರೆಸಿದಳು. ಮತ್ತೆ ಬೆವರು ಬಂತು. ಅವಸರ ಇಲ್ಲ, ಒತ್ತು ಎಂದ ಅಪ್ಪ. ಜಾಧವ ಕಾಕು ಬಾಗಿಲಿಂದ ಮೆಲ್ಲಗೆ, "ರಾಹೂ ದ್ಯಾ, ಭಾವೂ," ಎಂದಳು, ಇರಲಿ ಬಿಡಿ ಎಂದು. ಅಪ್ಪನಿಗೆ ಕೇಳಿಸಲಿಲ್ಲ. ಬಾಗಿಲು ಕಿಟಕಿಯಿಂದ ಬಿಸಿ ಒಳಗೆ ಬಂದು ಕೂತಿತು, ನಾವು ಐದೂ ಮಂದಿ ಬೆವತು ತೊಯ್ದುಹೋದೆವು.

"ಫ್ಯಾನ್ ಹಚ್ರಿ ಅಪ್ಪಾ," ಎಂದ ಅಣ್ಣ ಬಹಳ ಹೊತ್ತಿನ ಮೇಲೆ. "ಅವ್ವಗ ಶೆಕಿ ಆಗಾಕತ್ತದ."

ಅಪ್ಪ ಏಳಲಿಲ್ಲ. ಅವ್ವ ಎದ್ದು ಹೋಗಿ ಗುಂಡಿ ಒತ್ತಿದಳು. ರೆಕ್ಕೆಗಳು ತಿರುಗಲು ಶುರುವಾದವು, ಜೋರು ಹಿಡಿದವು. ಕುಳ್ಳಪ್ಪ ನಿಂತಲ್ಲೇ ಹಾರಿದ, ಇಳಿದ, ಮತ್ತೆ ಹಾರಿದ. ಟಿವಿ ಬಂದ್ ಮಾಡಲು ಯಾರೂ ಏಳಲಿಲ್ಲ.